ಗಂಡನ ಗುಟ್ಟು ಮಗಳ ವರ್ಣತಂತುವಿನಲ್ಲಿ

ಗಂಡ ಲೋಹದ ಕುಸುರಿ ಕೆಲಸಗಾರ, ಹೆಂಡತಿ ಕೊಲೆ ಪ್ರಕರಣಗಳನ್ನು ಭೇದಿಸುವ ಪೊಲೀಸ್ ಅಧಿಕಾರಿ, ಮನೆಯಲ್ಲೊಬ್ಬಳು ಪುಟ್ಟ ಮಗಳು. ಗಂಡ ಹೇಳಿಕೊಳ್ಳುವ ಹೆಸರು ಅವನದಲ್ಲ. ಅವನು ಸರಣಿ ಹಂತಕನೊಬ್ಬನ ಮಗ. ತಾನೂ ಕೊಲೆಯ ಆರೋಪ ಹೊತ್ತು ತಲೆಮರೆಸಿಕೊಂಡವನು. ಶ್ರೀಮಂತ ದಂಪತಿಯೊಬ್ಬರು ಕೋಮಾದಲ್ಲಿ ಬಿದ್ದಿರುವ ತಮ್ಮ ಮಗನ ಹೆಸರನ್ನು ಇವನಿಗೆ ಕೊಟ್ಟು, ಹೊರಜಗತ್ತಿಗೆ ಇವನೇ ಮಗನೆಂದು ತೋರಿಸಿಕೊಂಡು ಬಂದಿದ್ದಾರೆ. 2020ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 16 ಕಂತುಗಳಲ್ಲಿ ಬಂದ ‘ಫ್ಲವರ್ ಆಫ್ ಈವಿಲ್’ ಧಾರಾವಾಹಿಯ ಕಥೆಯಿದು. 2022ರಲ್ಲಿ ಇದೇ ಕಥೆ ಹಿಂದಿಯಲ್ಲಿ ‘ದುರಂಗಾ’ ಎಂಬ ಹೆಸರಿನಲ್ಲಿ ಬಂತು. ಅಲ್ಲಿ ಗಂಡನ ಪಾತ್ರ ಮಾಡಿದವರು ನಮ್ಮ ಬೆಂಗಳೂರಿನ ಗುಲ್ಶನ್ ದೇವಯ್ಯ. ಇನ್ನೂ ನೋಡದವರು ಇದನ್ನು ಓದಿದರೆ ಕಥೆಯ ಗುಟ್ಟೆಲ್ಲ ಬಯಲಾದೀತು, ಎಚ್ಚರ.

ಧಾರಾವಾಹಿಯ ಪೂರ್ತಿ ರೋಮಾಂಚನ ನಿಂತಿರುವುದು ಮುಖದ ಮೇಲೆ. ಗಂಡನಿಗೆ ಭಾವನೆಗಳು ಸಹಜವಾಗಿ ಬರುವುದಿಲ್ಲ, ಅದಕ್ಕೇ ಮುಖಭಾವಗಳನ್ನು ಅಭ್ಯಾಸ ಮಾಡಿ ಕಲಿಯುತ್ತಾನೆ. ಹೆಂಡತಿ ಎಂದಾದರೂ ಆ ನಗುವಿನ ಹಿಂದೆ ಏನಿದೆ ಎಂದು ಕಂಡುಹಿಡಿದಾಳೇ ಎಂಬುದೇ ನೋಡುಗರ ಆತಂಕ. ವಿಜ್ಞಾನದ ಕಡೆಯಿಂದ ನೋಡಿದರೆ, ಸುಳಿವು ಅತ್ಯಂತ ಕಡಿಮೆ ಸಿಗುವ ಜಾಗವೇ ಮುಖ.

ನಗುವಾಗ ಮುಖ್ಯವಾಗಿ ದುಡಿಯುವುದು ಎರಡು ಸ್ನಾಯುಗಳು. ಕೆನ್ನೆಯ ಮೂಳೆಯಿಂದ ಬಾಯಿಯ ತುದಿಗೆ ಇಳಿಯುವ ಝೈಗೋಮ್ಯಾಟಿಕಸ್ ಮೇಜರ್ ತುಟಿಯ ಕೊನೆಯನ್ನು ಮೇಲಕ್ಕೆಳೆಯುತ್ತದೆ. ಕಣ್ಣಿನ ಸುತ್ತ ಬಳೆಯಂತೆ ಹಬ್ಬಿದ ಆರ್ಬಿಕ್ಯುಲಾರಿಸ್ ಆಕ್ಯುಲೈ ಕೆನ್ನೆಯನ್ನು ಎತ್ತಿ ಕಣ್ಣಂಚಿನಲ್ಲಿ ನೆರಿಗೆ ಮೂಡಿಸುತ್ತದೆ. ಫ್ರಾನ್ಸಿನ ವೈದ್ಯ ದುಶೆನ್, ವಿದ್ಯುತ್ ಹರಿಸಿ ಮುಖದ ಸ್ನಾಯುಗಳನ್ನು ಒಂದೊಂದಾಗಿ ಕುಗ್ಗಿಸಿ ನೋಡಿ, 1862ರಲ್ಲಿ ಒಂದು ಮಾತು ಹೇಳಿದ: ಮೊದಲನೆಯದು ನಾವು ಹೇಳಿದಂತೆ ಕೇಳುತ್ತದೆ, ಎರಡನೆಯದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ. ‘ನಿಜವಾದ ನಗು ಕಣ್ಣಲ್ಲಿ ಕಾಣುತ್ತದೆ’ ಎಂದು ಇಂದಿಗೂ ಹೇಳುವುದು ಈ ಆಧಾರದ ಮೇಲೆಯೇ. ಆದರೆ ಇತ್ತೀಚಿನ ಪ್ರಯೋಗಗಳಲ್ಲಿ ಸುಮ್ಮನೆ ‘ನಗಿ’ ಎಂದಾಗ ಬಹಳಷ್ಟು ಮಂದಿ ಕಣ್ಣನ್ನೂ ಸೇರಿಸಿಯೇ ನಕ್ಕು ತೋರಿಸಿದರು. ಕ್ಯಾಮೆರಾ ಮುಂದೆ ಬದುಕು ಕಟ್ಟಿಕೊಂಡ ನಟನಟಿಯರನ್ನು ಕಂಡವರಿಗೆ ಇದರಲ್ಲೇನೂ ಸೋಜಿಗವಿಲ್ಲ.

ಹಾಗೆಂದು ಬೇಕೆಂದು ನಕ್ಕ ನಗುವೂ ತಾನಾಗಿ ಬಂದ ನಗುವೂ ಒಂದೇ ಅಲ್ಲ. ಮಿದುಳಿನಲ್ಲಿ ಅವೆರಡರ ದಾರಿಯೇ ಬೇರೆ. ಪಾರ್ಶ್ವವಾಯು ಬಡಿದು, ಚಲನೆಗೆ ಅಪ್ಪಣೆ ಕೊಡುವ ಮಿದುಳಿನ ಹೊರಪದರವಾದ ಚಾಲಕ ಕವಚಕ್ಕೆ ಪೆಟ್ಟಾದವರಿಗೆ ವೈದ್ಯರು ‘ಹಲ್ಲು ತೋರಿಸಿ’ ಎಂದರೆ ಅರ್ಧ ಮುಖ ಮಾತ್ರ ಚಲಿಸುತ್ತದೆ. ಅದೇ ವ್ಯಕ್ತಿ ಜೋಕು ಕೇಳಿದಾಗ ಎರಡೂ ಬದಿ ಸಮನಾಗಿ ನಗಬಲ್ಲ. ಕೆಲವರಲ್ಲಿ ಇದು ತಿರುವುಮುರುವು: ಹೇಳಿದರೆ ನಗುತ್ತಾರೆ, ನಗು ಬಂದಾಗ ಅರ್ಧ ಮುಖ ಅಲುಗುವುದಿಲ್ಲ. ತಾನಾಗಿ ಬರುವ ನಗು ನಯವಾಗಿ ಏರಿ ಇಳಿಯುತ್ತದೆ. ಬರಿಸಿಕೊಂಡ ನಗು ಥಟ್ಟನೆ ಏರುತ್ತದೆ, ಕೆಲವೊಮ್ಮೆ ಒಂದು ಬದಿಗೆ ವಾಲುತ್ತದೆ. ಈ ವ್ಯತ್ಯಾಸವನ್ನು ಅಳೆಯಲು ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಬೇಕು. ಸೊಪ್ಪಿನ ಸಾರು ಬಡಿಸುವ ಹೊತ್ತಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋಗಲಿ, ಪೊಲೀಸರ ಕಣ್ಣಿಗಾದರೂ ಬೀಳಬೇಡವೇ? ಮನೋವಿಜ್ಞಾನಿಗಳಾದ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ, ಜನ ಸುಳ್ಳನ್ನು ಎಷ್ಟರಮಟ್ಟಿಗೆ ಹಿಡಿಯಬಲ್ಲರು ಎಂಬ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. 24,000ಕ್ಕೂ ಹೆಚ್ಚು ಜನ ಕೊಟ್ಟ ತೀರ್ಪುಗಳಲ್ಲಿ ಸರಿಯಾದವು ಸರಾಸರಿ ಶೇ 54. ನಾಣ್ಯ ಚಿಮ್ಮಿದ್ದರೆ ಶೇ 50 ಸಿಗುತ್ತಿತ್ತು. ಬಿಡಿಸಿ ನೋಡಿದರೆ, ನಿಜವನ್ನು ನಿಜವೆಂದು ಹೇಳಿದ್ದು ಶೇ 61, ಸುಳ್ಳನ್ನು ಸುಳ್ಳೆಂದು ಹಿಡಿದದ್ದು ಬರೀ ಶೇ 47. ಪೊಲೀಸರು, ತನಿಖಾಧಿಕಾರಿಗಳು ಮೊದಲಾದ ‘ಅನುಭವಿಗಳ’ ಅಂಕವೂ ಹೆಚ್ಚೇನಿರಲಿಲ್ಲ. ನಾವು ಹುಟ್ಟಾ ನಂಬುವ ಪ್ರಾಣಿಗಳು. ದಿನಕ್ಕೆ ಕೇಳುವ ಮಾತುಗಳಲ್ಲಿ ಬಹುಪಾಲು ನಿಜವೇ ಆದ್ದರಿಂದ ಹಾಗೆ ನಂಬುವುದರಲ್ಲಿ ಲಾಭವೂ ಇದೆ. ದಾಂಪತ್ಯದಲ್ಲಿ ಇದು ಇನ್ನೂ ಗಟ್ಟಿ. ಸಂಬಂಧ ಹತ್ತಿರವಾದಷ್ಟೂ ‘ಇವರನ್ನು ನಾನು ಬಲ್ಲೆ’ ಎಂಬ ಭರವಸೆ ಏರುತ್ತದೆ. ಅದರ ಜೊತೆಗೆ ಎದುರಿನವರ ಮಾತೆಲ್ಲ ನಿಜವೆಂದು ಎಣಿಸುವ ವಾಲಿಕೆಯೂ ಏರುವುದರಿಂದ ಸುಳ್ಳು ಹಿಡಿಯುವ ಸಾಮರ್ಥ್ಯ ಬೆಳೆಯುವುದಿಲ್ಲ. ‘ಇಷ್ಟು ವರ್ಷ ಒಟ್ಟಿಗಿದ್ದೂ ಗೊತ್ತಾಗಲಿಲ್ಲವೇ’ ಎಂದು ಇಂಥ ಹೆಂಡತಿಯರನ್ನು ಕೇಳುವವರು ಕಾರಣವನ್ನೇ ಪ್ರಶ್ನೆಯಾಗಿ ಕೇಳುತ್ತಿದ್ದಾರೆ.

ವಿಚಾರಣೆಯಲ್ಲಿ ಕೆಲಸ ಮಾಡುವುದು ಮುಖ ಓದುವ ವಿದ್ಯೆಯಲ್ಲ, ಸಾಕ್ಷ್ಯವನ್ನು ಯಾವಾಗ ಬಿಚ್ಚಬೇಕು ಎಂಬ ಲೆಕ್ಕಾಚಾರ. ಸ್ವೀಡನ್ನಿನಲ್ಲಿ ಮರಿಯಾ ಹಾರ್ಟ್‌ವಿಗ್ ಮತ್ತು ಪೇರ್ ಆಂಡರ್ಸ್ ಗ್ರಾನ್‌ಹಾಗ್ ತಂಡ 82 ಮಂದಿ ಪೊಲೀಸ್ ಪ್ರಶಿಕ್ಷಣಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿತು. ಒಂದು ಗುಂಪಿಗೆ ಹೇಳಿಕೊಟ್ಟದ್ದು ಇಷ್ಟು: ಬೆರಳಚ್ಚು ಸಿಕ್ಕಿದೆ ಎಂಬುದನ್ನು ಮೊದಲು ಹೇಳಬೇಡಿ. ಆ ದಿನ ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ಪೂರ್ತಿ ಹೇಳಿಸಿ. ಆಮೇಲೆ ಸಾಕ್ಷ್ಯದ ಸುತ್ತಮುತ್ತಲಿನ ಪ್ರಶ್ನೆ ಕೇಳಿ: ಆ ಅಂಗಡಿಗೆ ಹೋಗಿದ್ದಿರಾ, ಅಲ್ಲಿ ಏನನ್ನಾದರೂ ಮುಟ್ಟಿದಿರಾ? ಎಲ್ಲ ಮುಗಿದ ಮೇಲೆ ಬೆರಳಚ್ಚನ್ನು ಮುಂದಿಡಿ. ತಪ್ಪು ಮಾಡಿದವನು ಅಂಗಡಿಯ ಹೆಸರನ್ನೇ ಎತ್ತದೆ ಜಾರಿಕೊಂಡಿರುತ್ತಾನೆ. ಮಾಡದವನು ‘ಹೌದು, ಅದನ್ನು ಎತ್ತಿ ಪಕ್ಕಕ್ಕಿಟ್ಟೆ’ ಎಂದು ತಾನೇ ಹೇಳಿಬಿಟ್ಟಿರುತ್ತಾನೆ. ತರಬೇತಿ ಪಡೆದವರ ತೀರ್ಪು ಶೇ 85ರಷ್ಟು ಸರಿಯಿತ್ತು, ಪಡೆಯದವರದು ಶೇ 56. ತೆರೆಯ ಮೇಲಿನ ಪತ್ತೇದಾರಿಗಳು ಮಾಡುವುದು ನೇರ ಉಲ್ಟಾ: ಬಾಗಿಲು ತೆರೆದೊಡನೆ ಫೋಟೊವನ್ನು ಮೇಜಿನ ಮೇಲೆ ಬಿಸಾಡುತ್ತಾರೆ, ಶಂಕಿತನಿಗೆ ಕಥೆ ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ.

ಸುಳ್ಳುಪತ್ತೆ ಯಂತ್ರದ ಮಾತೂ ಬರುತ್ತದೆ. ಅದು ಅಳೆಯುವುದು ಉಸಿರಾಟ, ರಕ್ತದೊತ್ತಡ, ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಾಗುವ ಏರಿಳಿತ. ಇವೆಲ್ಲ ಭಯದ ಗುರುತುಗಳು, ಸುಳ್ಳಿನವಲ್ಲ. ನಿರಪರಾಧಿಯೂ ಹೆದರುತ್ತಾನೆ, ಭಾವನೆ ಮೊಂಡಾದವನಿಗೆ ಬೆವರೇ ಬರಲಿಕ್ಕಿಲ್ಲ. ಭಾರತದಲ್ಲಿ ಈ ಚರ್ಚೆಗೆ ತೆರೆ ಎಳೆದದ್ದು ಕರ್ನಾಟಕದಿಂದ ಹೋದ ಪ್ರಕರಣವೇ. ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ತೀರ್ಪಿತ್ತಿತು.

ಇನ್ನು ಹೆಸರಿನ ಪ್ರಶ್ನೆ. ಬೇರೊಬ್ಬರ ಹೆಸರಿನಲ್ಲಿ ಬದುಕಲು ಜಗತ್ತಿನಲ್ಲೇ ಕಷ್ಟದ ದೇಶಗಳ ಪಟ್ಟಿ ಮಾಡಿದರೆ ಕೊರಿಯಾ ಮೇಲಿನ ಸಾಲಿನಲ್ಲಿರುತ್ತದೆ. 1968ರ ಜನವರಿಯಲ್ಲಿ ಉತ್ತರ ಕೊರಿಯಾದ ಕಮಾಂಡೊಗಳು ಅಧ್ಯಕ್ಷರ ನಿವಾಸದ ಬಳಿಯವರೆಗೂ ನುಗ್ಗಿದರು. ಆ ವರ್ಷವೇ ಅಲ್ಲಿ ಪ್ರತಿ ನಾಗರಿಕನಿಗೂ ನಿವಾಸಿ ನೋಂದಣಿ ಸಂಖ್ಯೆ ಬಂತು, 1975ರಿಂದ ಅದು 13 ಅಂಕೆಯದಾಯಿತು. ಮೊದಲ ಆರು ಹುಟ್ಟಿದ ದಿನ, ಏಳನೆಯದು ಶತಮಾನ ಮತ್ತು ಲಿಂಗ, ನಂತರದ್ದು ನೋಂದಣಿಯಾದ ಊರು, ಕೊನೆಯದು ತಾಳೆ ಅಂಕೆ. ಮೊದಲ 12 ಅಂಕೆಗಳನ್ನು ಕ್ರಮವಾಗಿ 2, 3, 4, 5, 6, 7, 8, 9, 2, 3, 4, 5ರಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆದರೆ ಬರುವ ಸಂಖ್ಯೆಯ ಬಿಡಿಸ್ಥಾನವೇ ಹದಿಮೂರನೆಯದು. ಮನಸ್ಸಿಗೆ ಬಂದ ಸಂಖ್ಯೆ ಬರೆದುಕೊಟ್ಟರೆ ಇಲ್ಲೇ ಸಿಕ್ಕಿಬೀಳುತ್ತೀರಿ. 2020ರ ಅಕ್ಟೋಬರ್ ನಂತರ ಕೊಟ್ಟ ಸಂಖ್ಯೆಗಳಲ್ಲಿ ಊರಿನ ಗುರುತು ತೆಗೆದು ಕೊನೆಯ ಆರು ಅಂಕೆಗಳನ್ನು ಮನಸೋಇಚ್ಛೆ ಮಾಡಲಾಗಿದೆ.

ಕಥೆಯಲ್ಲಿ ಸಂಖ್ಯೆ ಅಸಲಿ, ಮನುಷ್ಯ ಮಾತ್ರ ನಕಲಿ. ಆದ್ದರಿಂದ ಗುಣಾಕಾರ ಕೈಕೊಡುತ್ತದೆ. ಆದರೆ 17 ತುಂಬಿದ ಪ್ರತಿ ಕೊರಿಯನ್ನನೂ ಗುರುತಿನ ಚೀಟಿಗಾಗಿ ಹತ್ತೂ ಬೆರಳಿನ ಅಚ್ಚು ಕೊಡಬೇಕು, ಚೀಟಿಯ ಹಿಂಬದಿಯಲ್ಲಿ ಬಲ ಹೆಬ್ಬೆರಳಿನ ಗುರುತಿರುತ್ತದೆ. ಆ ಅಚ್ಚುಗಳು ಪೊಲೀಸರ ಕೈಗೂ ಹೋಗುತ್ತವೆ. ಇದು ಸರಿಯೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2005ರಲ್ಲಿ ಒಪ್ಪಿತು. ನಮ್ಮ ಆಧಾರ್‌ನಲ್ಲೂ ಹತ್ತು ಬೆರಳು, ಎರಡು ಕಣ್ಣಿನ ಪಾಪೆ ಇವೆಯಾದರೂ, ಕಾನೂನಿನ 29ನೇ ಕಲಮಿನ ಪ್ರಕಾರ ಅವನ್ನು ಯಾವ ಕಾರಣಕ್ಕೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವಂತಿಲ್ಲ. ಆಧಾರ್ ಇರುವುದು ಗುರುತು ಖಚಿತಪಡಿಸಲು. ಕೊರಿಯಾದ ವ್ಯವಸ್ಥೆ ಗುರುತು ಹುಡುಕಲೂ ನೆರವಾಗುತ್ತದೆ.

ಬೆರಳಿನ ಗೊಡವೆಯೇ ಬೇಡ ಎಂದುಕೊಳ್ಳೋಣ. ಕಥೆಯ ಗಂಡ ಒಂದು ಬಾಗಿಲನ್ನು ಮುಚ್ಚಲು ಮರೆತಿದ್ದಾನೆ: ಅವನಿಗೆ ಮಗಳಿದ್ದಾಳೆ, ‘ಅಮ್ಮ’ ಎಂದು ತೋರಿಸಿಕೊಂಡವಳು ಬದುಕಿದ್ದಾಳೆ. ಇವರಿಬ್ಬರ ಎಂಜಲು ಸಿಕ್ಕರೆ ಸಾಕು, ಅವನನ್ನು ಮುಟ್ಟುವುದೂ ಬೇಡ.

ಗಂಡಸಿಗಿರುವುದು ಒಂದೇ ಎಕ್ಸ್ ವರ್ಣತಂತು, ಅದು ಬಂದದ್ದು ತಾಯಿಯಿಂದ. ಮಗಳು ಹುಟ್ಟಿದಾಗ ಅವನು ಅದನ್ನೇ ಇಡಿಯಾಗಿ ದಾಟಿಸುತ್ತಾನೆ. ಹಾಗಾಗಿ ಮೊಮ್ಮಗಳ ಎರಡು ಎಕ್ಸ್‌ಗಳಲ್ಲಿ ಒಂದು ಪೂರ್ತಿಯಾಗಿ ತಂದೆಯ ತಾಯಿಯದು. ಅಜ್ಜಿಯ ಎರಡು ಎಕ್ಸ್‌ಗಳು ಬೆರೆತು ಆದದ್ದು. ಪ್ರಯೋಗಾಲಯದಲ್ಲಿ ನೋಡುವುದು ಈ ವರ್ಣತಂತುವಿನ ಮೇಲೆ ಡಿಎನ್ಎಯ ಪುಟ್ಟ ಅಕ್ಷರಸರಣಿಯೊಂದು ಎಷ್ಟು ಸಲ ಮರುಕಳಿಸಿದೆ ಎಂಬುದನ್ನು. ಬಳಕೆಯಲ್ಲಿರುವ ಕಿಟ್ ಒಂದರಲ್ಲಿ ಇಂಥ 12 ಗುರುತುಗಳಿವೆ, ನಾಲ್ಕು ಗುಂಪುಗಳಾಗಿ. ಒಂದು ಜಾಗದಲ್ಲಿ ಅಜ್ಜಿಗೆ 14 ಮತ್ತು 19 ಇದೆಯೆಂದುಕೊಳ್ಳಿ. ಅವಳ ನಿಜವಾದ ಮಗನ ಮಗಳಲ್ಲಿ 14 ಅಥವಾ 19 ಇದ್ದೇ ತೀರಬೇಕು. 16, 17 ಬಂದರೆ ಹೊಂದಲಿಲ್ಲ. ಒಂದು ಕಡೆ ಹೊಂದದಿದ್ದರೆ ರೂಪಾಂತರ ಎಂದು ಬಿಡಬಹುದು, ಅದು ಸಾವಿರಕ್ಕೆ ಒಂದೆರಡು ಸಲ ಆಗುತ್ತದೆ. ಬೇರೆಬೇರೆ ಗುಂಪುಗಳಲ್ಲಿ ನಾಲ್ಕೈದು ಕಡೆ ತಪ್ಪಿದರೆ ಈ ಅಜ್ಜಿ ಅವಳ ಅಪ್ಪನ ತಾಯಿಯಲ್ಲ, ಅಲ್ಲಿಗೆ ಮುಗಿಯಿತು. ಮಗುವಿನ ತಾಯಿಯ ಮಾದರಿಯೂ ಇದ್ದರೆ ಯಾವ ಸಂಖ್ಯೆ ಯಾರಿಂದ ಬಂತೆಂದು ಬೇರ್ಪಡಿಸುವುದು ಸಲೀಸು. ಇಲ್ಲಿ ತಾಯಿಯೇ ತನಿಖಾಧಿಕಾರಿ. ಮಗು ಗಂಡಾಗಿದ್ದರೆ ಈ ದಾರಿ ಇರುತ್ತಿರಲಿಲ್ಲ. ಆಗ ತಾತನ ವೈ ವರ್ಣತಂತುವಿನೊಂದಿಗೆ ಹೋಲಿಸಬೇಕಾಗುತ್ತಿತ್ತು.

ಮಾದರಿ ತೆಗೆಯುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಊಟವಾದ ಅರ್ಧ ಗಂಟೆಯ ನಂತರ ಬಾಯಿ ಮುಕ್ಕಳಿಸಿ, ಕೆನ್ನೆಯ ಒಳಗೋಡೆಗೆ ಹತ್ತಿಯ ಕಡ್ಡಿಯನ್ನು ಒತ್ತಿ ತಿರುಗಿಸುತ್ತ ಉಜ್ಜಬೇಕು. ಬೇಕಾದದ್ದು ಜೊಲ್ಲಲ್ಲ, ಸಿಪ್ಪೆಯೇಳುವ ಜೀವಕೋಶಗಳು. ಗಾಳಿಗೆ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಜಾಣತನವೆಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವ ಉಳಿದು ಬ್ಯಾಕ್ಟೀರಿಯಾ, ಬೂಸ್ಟು ಬೆಳೆದು ಡಿಎನ್ಎಯನ್ನು ತುಂಡರಿಸುತ್ತವೆ. ಕುಡಿದಿಟ್ಟ ಲೋಟದ ಅಂಚಿನಿಂದಲೂ ಡಿಎನ್ಎ ಸಿಗುತ್ತದೆ, ಆದರೆ ಆ ಲೋಟ ಯಾರು ಮುಟ್ಟಿದ್ದೆಂದು ಕೋರ್ಟಿನಲ್ಲಿ ಹೇಳಲು ಯಾರಾದರೂ ಬೇಕು.

ಧಾರಾವಾಹಿಯ ಎರಡು ಸಂಗತಿಗಳನ್ನು ವೈದ್ಯರು ಒಪ್ಪುವುದು ಕಷ್ಟ. ಗಂಡನಿಗೆ ಚಿಕ್ಕಂದಿನಲ್ಲೇ ಸಮಾಜವಿರೋಧಿ ವ್ಯಕ್ತಿತ್ವದ ಹಣೆಪಟ್ಟಿ ಬೀಳುತ್ತದೆ. ಮನೋವೈದ್ಯರ ಕೈಪಿಡಿಯ ಪ್ರಕಾರ 18 ತುಂಬುವ ಮೊದಲು ಆ ರೋಗನಿರ್ಣಯ ಮಾಡುವಂತೆಯೇ ಇಲ್ಲ. ತನ್ನ ಭಾವನೆಗಳನ್ನು ಗುರುತಿಸಿ ಹೆಸರಿಡಲಾಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ, ಹತ್ತರಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ, ಅದಕ್ಕೂ ಕ್ರೌರ್ಯಕ್ಕೂ ಸಂಬಂಧ ಕಲ್ಪಿಸಬೇಕಿಲ್ಲ. ಎರಡನೆಯದು ಹಾಸಿಗೆಯಲ್ಲಿರುವ ಅಸಲಿ ಮಗನದು. ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಉಳಿಯುವುದಿಲ್ಲ. ಅಷ್ಟರಲ್ಲಿ ಸಾವು, ಎಚ್ಚರ, ಇಲ್ಲವೇ ಕಣ್ಣು ತೆರೆದೂ ಅರಿವಿಲ್ಲದ ಸ್ಥಿತಿ. ಮನೆಯಲ್ಲಿ ವರ್ಷಗಟ್ಟಲೆ ಉಳಿಸಿಕೊಳ್ಳಬೇಕೆಂದರೆ ಹೊಟ್ಟೆಗೆ ಆಹಾರದ ನಳಿಕೆ, ಗಂಟಲ ಕಫ ಎಳೆಯುವ ಯಂತ್ರ, ಹಾಸಿಗೆ ಹುಣ್ಣಾಗದಂತೆ ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗಳು ಬೇಕು. ಇಷ್ಟೆಲ್ಲ ಮಾಡಿದರೂ ಹಿಮ್ಮಡಿಯ ಸ್ನಾಯುರಜ್ಜು ಮೊಟಕಾಗಿ ಪಾದ ಕೆಳಕ್ಕೆ ಬಾಗುತ್ತದೆ, ಮಂಡಿ ನೆಟ್ಟಗಾಗುವುದಿಲ್ಲ. ಹದಿನೈದು ವರ್ಷ ಮಲಗಿದವನು ಎದ್ದು ಕೆಲವೇ ದಿನಗಳಲ್ಲಿ ಕತ್ತಿ ಹಿಡಿದು ಓಡಾಡುವುದು ಕಥೆಗಾರರಿಗೆ ಮಾತ್ರ ಸಾಧ್ಯ.

ಹೆಂಡತಿ ಮಗುವಿನೊಂದಿಗೆ ಸಂಸಾರ ಮಾಡುತ್ತ ಕರಾಳ ಗುರುತು ಮುಚ್ಚಿಟ್ಟ ನಿಜವಾದ ಮನುಷ್ಯನನ್ನೂ ಕೊರಿಯಾ ಕಂಡಿದೆ. 1986ರಿಂದ 1991ರವರೆಗೆ ಗ್ಯೊಂಗಿ ಪ್ರಾಂತದ ಹ್ವಾಸಾಂಗ್‌ನಲ್ಲಿ 10 ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ಪೊಲೀಸರು 21,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಕೊಲೆಗಾರನ ರಕ್ತ ಬಿ ಗುಂಪಿನದೆಂದು ಅವರು ನಂಬಿಕೊಂಡಿದ್ದರು; ಈ ಮನುಷ್ಯನದು ಓ, ಜಾರಿಕೊಂಡ. 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದು ಸಿಕ್ಕಿಬಿದ್ದ, ಜೀವಾವಧಿ ಶಿಕ್ಷೆಯಾಗಿ ಬುಸಾನ್ ಜೈಲು ಸೇರಿದ, ಹಳೆಯ ಕೊಲೆಗಳ ಗುಟ್ಟು ಹಾಗೆಯೇ ಉಳಿಯಿತು. 2010ರಲ್ಲಿ ಕೈದಿಗಳ ಡಿಎನ್ಎ ಸಂಗ್ರಹದ ಕಾನೂನು ಬಂತು. 2019ರಲ್ಲಿ ಸಾಕ್ಷ್ಯದ ಹಳೆಯ ವಸ್ತುಗಳನ್ನು ಹೊಸ ತಂತ್ರದಿಂದ ಪರೀಕ್ಷಿಸಿದಾಗ ಅವನ ಡಿಎನ್ಎ ತಾಳೆಯಾಯಿತು. ಹತ್ತೂ ಕೊಲೆಗಳ ಜೊತೆ ಇನ್ನೂ ನಾಲ್ಕನ್ನು ಅವನು ಒಪ್ಪಿಕೊಂಡ.

ಪ್ರಯೋಗಾಲಯವೂ ಎಡವುತ್ತದೆ ಎಂಬುದಕ್ಕೆ ಸಾಕ್ಷಿ ಇದೇ ಪ್ರಕರಣದಲ್ಲಿದೆ. ಎಂಟನೆಯ ಕೊಲೆಗೆ 1989ರಲ್ಲಿ ಬೇರೊಬ್ಬ ಯುವಕ, ಕೃಷಿ ಯಂತ್ರಗಳ ರಿಪೇರಿ ಮಾಡುತ್ತಿದ್ದವನು, ಬಂಧಿತನಾಗಿದ್ದ. ಸಿಕ್ಕ ಕೂದಲಿನಲ್ಲಿದ್ದ ಟೈಟಾನಿಯಮ್ ಮೊದಲಾದ ಧಾತುಗಳ ಪ್ರಮಾಣ ಅವನ ಕೂದಲಿಗೆ ಹೊಂದುತ್ತದೆ ಎಂಬ ವರದಿ ಅವನ ವಿರುದ್ಧ ನಿಂತಿತು. ಒಬ್ಬನದೇ ತಲೆಯ ಎರಡು ಕೂದಲಲ್ಲೂ ಈ ಪ್ರಮಾಣ ವ್ಯತ್ಯಾಸವಾಗುತ್ತದೆ, ಒಂದೇ ಕಸುಬಿನವರಲ್ಲಿ ಒಂದೇ ತರಹ ಕಾಣಬಹುದು. ವ್ಯಕ್ತಿಯ ಗುರುತಿಗೆ ಅದು ಆಧಾರವಾಗದು. ಅವನು ಸುಮಾರು 20 ವರ್ಷ ಜೈಲಿನಲ್ಲಿ ಕಳೆದು 2009ರಲ್ಲಿ ಹೊರಬಂದ. 2020ರ ಡಿಸೆಂಬರ್ 17ರಂದು ಮರುವಿಚಾರಣೆಯಲ್ಲಿ ಅವನ ಖುಲಾಸೆಯಾಯಿತು. ನಿಜವಾದ ಕೊಲೆಗಾರನ ಮೇಲೆ ಹ್ವಾಸಾಂಗ್ ಕೊಲೆಗಳ ಮೊಕದ್ದಮೆ ಹೂಡಲಾಗಲಿಲ್ಲ. ಕೊಲೆಗೆ ಆಗ 15 ವರ್ಷದ ಕಾಲಮಿತಿಯಿತ್ತು, ಕೊನೆಯ ಪ್ರಕರಣದ್ದು 2006ರಲ್ಲೇ ಮುಗಿದಿತ್ತು. ಕೊರಿಯಾ ಆ ಮಿತಿಯನ್ನು 2015ರಲ್ಲಿ ತೆಗೆದುಹಾಕಿತು.