ಡಿಸ್ಚಾರ್ಜ್ ಆದ ಮೇಲಿನ ಮೂರು ತಿಂಗಳು

ಮನೋರೋಗ ವಾರ್ಡಿನಿಂದ ಮನೆಗೆ ಬಂದರೆ ಗಂಡಾಂತರ ಕಳೆಯಿತು ಎಂದೇ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವುದು ಬಿಡುಗಡೆಯ ನಂತರದ ಮೊದಲ ಮೂರು ತಿಂಗಳಲ್ಲೇ. ಖಿನ್ನತೆಗೆ ಚಿಕಿತ್ಸೆ ಪಡೆದ ಅಮೆರಿಕದ ಮಾಜಿ ಸೈನಿಕರ ದಾಖಲೆಗಳೂ ಇದನ್ನೇ ಹೇಳುತ್ತವೆ. ಎಷ್ಟೋ ಮಂದಿ ಚಿಕಿತ್ಸೆಯಿಂದ ಜಾರಿಕೊಳ್ಳುವುದೂ ಇದೇ ಹೊತ್ತಿನಲ್ಲಿ.

'ರೋಗಿ ಬರಲಿಲ್ಲ' ಎಂದು ಕಡತದಲ್ಲಿ ಬರೆದುಬಿಡುವುದು ಸುಲಭ. ಆದರೆ ಅಂಥ ಮಾಜಿ ಸೈನಿಕರ ಸ್ಥಿತಿ ನೋಡಿ. ವಾರ್ಡಿನಲ್ಲಿ ಹೊತ್ತುಹೊತ್ತಿಗೆ ಮಾತ್ರೆಯನ್ನು ಕೈಗೇ ಕೊಡುತ್ತಿದ್ದರು. ಹೊರಗೆ ಬಂದಾಗ ಕೈಯಲ್ಲಿರುವುದು ಔಷಧದ ಚೀಟಿ, ಮುಂದಿನ ಭೇಟಿಯ ದಿನಾಂಕ, ಅಷ್ಟೇ. ಅಲ್ಲಿ ಕಾಯುವ ವೈದ್ಯರು ಹೊಸಬರು, ಯುದ್ಧದ ಕಥೆಯನ್ನು ಮತ್ತೆ ಮೊದಲಿಂದ ಬಿಚ್ಚಬೇಕು. ಫೋನ್ ಮಾಡುವ, ಮನೆಯಿಂದ ಹೊರಡುವ ಚೈತನ್ಯವನ್ನೇ ಖಿನ್ನತೆ ಹೀರಿಬಿಟ್ಟಿರುತ್ತದೆ. ಆಘಾತದ ನೆನಪುಗಳಿಂದ ನರಳುವವರಿಗೆ ಬೆನ್ನ ಹಿಂದೆ ಅಪರಿಚಿತರು ಓಡಾಡುವ ಕಾಯುವ ಕೋಣೆಯೇ ಕಂಟಕ. ಬಲವಂತವಾಗಿ ಸೇರಿಸಿದ್ದರಂತೂ ಆಸ್ಪತ್ರೆಯ ಮೇಲಿನ ನಂಬಿಕೆಯೇ ಮುರಿದಿರಬಹುದು. ನೆರವು ಕೇಳುವುದು ದೌರ್ಬಲ್ಯ ಎಂಬ ಸೇನೆಯ ದಿನಗಳ ಪಾಠ ಬೇರೆ.

ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟೊ ಚಿಕಿತ್ಸೆಯಿಂದ ಜಾರಿಕೊಂಡವರ ಬೆನ್ನು ಹತ್ತಿದ ರೀತಿ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿದ್ದಾಗ ಯುವತಿಯೊಬ್ಬಳು ಏನನ್ನೂ ಬಯಸದೆ ಬರೆಯುತ್ತಿದ್ದ ಪತ್ರಗಳು ಅವರ ಮನಸ್ಸಿನಲ್ಲಿ ಉಳಿದಿದ್ದವು. 1969ರಲ್ಲಿ ಶುರುವಾದ ಪ್ರಯೋಗಕ್ಕೆ ಅವರು ಆರಿಸಿಕೊಂಡದ್ದು, ಬಿಡುಗಡೆಯ ನಂತರ ಚಿಕಿತ್ಸೆ ನಿರಾಕರಿಸಿದ ಅಥವಾ ನಿಲ್ಲಿಸಿದ 843 ಮಂದಿಯನ್ನು. ಅರ್ಧದಷ್ಟು ಜನರಿಗೆ ಐದು ವರ್ಷಗಳಲ್ಲಿ 24 ಪುಟ್ಟ ಪತ್ರಗಳು ಹೋದವು: ನೀವು ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ. ಚಿಕಿತ್ಸೆಗೆ ಬನ್ನಿ ಎಂಬ ಒತ್ತಾಯವಿಲ್ಲ. ಮೊದಲೆರಡು ವರ್ಷ ಆ ಗುಂಪಿನಲ್ಲಿ ಆತ್ಮಹತ್ಯೆ ಗಮನಾರ್ಹವಾಗಿ ಕಡಿಮೆಯಿತ್ತು. ಮುಂದೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ, ನಿಜ. ಆದರೂ ಅಮೆರಿಕದ ಮಾಜಿ ಸೈನಿಕರ ಇಲಾಖೆ ಈಗ ತನ್ನ ಸಹಾಯವಾಣಿಗೆ (988 ಒತ್ತಿ, ನಂತರ 1) ಕರೆ ಮಾಡಿದವರಿಗೆ ಇಂಥ ಪತ್ರಗಳನ್ನು ಕಳಿಸುತ್ತಿದೆ.

ಅದೇ ಇಲಾಖೆಯ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಗಟ್ಟಿಯಾಗಿ ಮಾತಾಡುತ್ತದೆ. ಅಪಾಯದ ಮುನ್ಸೂಚನೆಗಳೇನು, ಯಾರಿಗೆ ಫೋನ್ ಮಾಡಬೇಕು, ಬಂದೂಕನ್ನು ಸದ್ಯಕ್ಕೆ ಎಲ್ಲಿಡಬೇಕು ಎಂಬುದನ್ನು ರೋಗಿಯ ಜೊತೆ ಕೂತೇ ಬರೆದರು. ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸಿದರು. ಮಾಮೂಲಿ ಆರೈಕೆಯಷ್ಟೇ ಪಡೆದವರಿಗೆ ಹೋಲಿಸಿದರೆ ಇವರಲ್ಲಿ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಶೇ. 45ರಷ್ಟು ಕಡಿಮೆ ಕಂಡುಬಂತು. ಮುಂದಿನ ಚಿಕಿತ್ಸೆಗೆ ಒಮ್ಮೆಯಾದರೂ ಬರುವ ಸಂಭವ ಸುಮಾರು ಇಮ್ಮಡಿಯಾಗಿತ್ತು.