ಗಂಡ-ಹೆಂಡತಿಗೆ ಗಟ್ಟಿಮುಟ್ಟಾದ ಮಂಚ: ಬಡಗಿಗೆ ಏನೆಂದು ಹೇಳಿ ಮಾಡಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮದುವೆಯಾದ ಹೊಸತರಲ್ಲಿ ಕೊಂಡ ಡಬಲ್ ಕಾಟ್ ನಡುವೆ ಬಾಗಿದೆ, ಮಗ್ಗುಲು ಬದಲಿಸಿದರೆ ಕಿರ್ರೆನ್ನುತ್ತದೆ. ನಮ್ಮಿಬ್ಬರ ತೂಕ ಸೇರಿ 160 ಕಿಲೋ ದಾಟುತ್ತದೆ. ಈ ಸಲ ಬಡಗಿಯಿಂದಲೇ ಮಾಡಿಸೋಣವೆಂದಿದ್ದೇವೆ. ತೇಗವೇ ಆಗಬೇಕೆ? ಎಷ್ಟು ದಪ್ಪದ ಮರ ಹಾಕಿಸಿದರೆ ಬಾಳಿಕೆ ಬರುತ್ತದೆ?

ಉತ್ತರ: ಮಂಚ ಮಾಡಿಸಲು ಹೊರಟ ಹೆಚ್ಚಿನವರು ಮರದ ಜಾತಿ ಮತ್ತು ದಪ್ಪದ ಬಗ್ಗೆಯೇ ವಿಚಾರಿಸುತ್ತಾರೆ. ಆದರೆ ಮರವೇ ಮುರಿದು ಹಾಳಾದ ಮಂಚ ಅಪರೂಪ. ಮಂಚ ಸೋಲುವುದು ಎರಡು ಕಡೆ: ಆಸರೆಯಿಲ್ಲದ ನಡುಭಾಗದಲ್ಲಿ ಮತ್ತು ಪಕ್ಕದ ಪಟ್ಟಿಗಳು ಕಾಲಿಗೆ ಸೇರುವ ನಾಲ್ಕು ಮೂಲೆಗಳಲ್ಲಿ. ಇವೆರಡನ್ನು ಸರಿಯಾಗಿ ಮಾಡಿಸಿದರೆ ಸಾಧಾರಣ ಮರದ ಮಂಚವೂ ದಶಕಗಟ್ಟಲೆ ಬಾಳುತ್ತದೆ. ಇವೆರಡನ್ನು ಕಡೆಗಣಿಸಿದರೆ ಉತ್ತಮ ತೇಗದ ಮಂಚವೂ ಕೆಲವೇ ವರ್ಷಗಳಲ್ಲಿ ಅಲುಗಾಡತೊಡಗುತ್ತದೆ. ಮಲಗಿರುವಾಗ 160 ಕಿಲೋ ತೂಕ ಹಾಸಿಗೆಯ ತುಂಬ ಹರಡಿಕೊಳ್ಳುವುದರಿಂದ ಅದು ದೊಡ್ಡ ಭಾರವೇನಲ್ಲ. ಒಬ್ಬರು ಅಂಚಿನಲ್ಲಿ ಧೊಪ್ಪನೆ ಕೂತಾಗ ಅಥವಾ ಮೊಣಕಾಲೂರಿ ಕಿಟಕಿಯ ಪರದೆ ಸರಿಪಡಿಸುವಾಗ ಇಡೀ ಮೈಭಾರ ಒಂದೆರಡು ಪಟ್ಟಿಗಳ ಮೇಲೆ ಬೀಳುತ್ತದಲ್ಲ, ಮಂಚವನ್ನು ರೂಪಿಸಬೇಕಾದುದು ಆ ಕ್ಷಣಕ್ಕಾಗಿ.

ಮೊದಲು ಹಾಸಿಗೆಯನ್ನು ಆರಿಸಿಕೊಳ್ಳಿ, ಮಂಚದ ಮಾತು ಆಮೇಲೆ. ನಮ್ಮಲ್ಲಿ ಇಬ್ಬರ ಹಾಸಿಗೆ 72x60, 78x60, 75x72, 78x72 ಅಂಗುಲ ಹೀಗೆ ಹಲವು ಅಳತೆಗಳಲ್ಲಿ ಸಿಗುತ್ತದೆ. ಮಂಚವನ್ನು ಮೊದಲೇ ಮಾಡಿಸಿ ನಂತರ ಅದಕ್ಕೆ ಹೊಂದುವ ಹಾಸಿಗೆಗಾಗಿ ಅಂಗಡಿ ಅಂಗಡಿ ಅಲೆಯುವವರನ್ನು ಕಂಡಿದ್ದೇನೆ. ಹಾಸಿಗೆ ಚೌಕಟ್ಟಿನ ಒಳಗೆ ಕೂರುವ ವಿನ್ಯಾಸವಾದರೆ ಪ್ರತಿ ಬದಿಗೂ ಅರ್ಧ ಅಂಗುಲ ಹೆಚ್ಚು ಬಿಡಿಸಿ. ಇಲ್ಲವಾದರೆ ಹೊದಿಕೆಯ ಅಂಚನ್ನು ಒಳಗೆ ಸೇರಿಸುವಾಗ ಬೆರಳಿಗೆ ಗಾಯ ಖಂಡಿತ. ಎತ್ತರವನ್ನೂ ಹಾಸಿಗೆಯ ದಪ್ಪ ತಿಳಿದ ಮೇಲೆಯೇ ನಿರ್ಧರಿಸಬೇಕು. ನೆಲದಿಂದ ಹಾಸಿಗೆಯ ಮೇಲ್ಮೈವರೆಗೆ 20ರಿಂದ 22 ಅಂಗುಲವಿದ್ದರೆ ಬಹುತೇಕರಿಗೆ ಕೂತು ಏಳಲು ಸಲೀಸು. ಎಂಟು ಅಂಗುಲದ ಹಾಸಿಗೆಯಾದರೆ ಅದನ್ನು ಕಳೆದು ಉಳಿದಷ್ಟು ಮಾತ್ರ ಮಂಚದ ಪಾಲು.

ಈಗ ನಡುಭಾಗದ ವಿಚಾರ. ಹಾಸಿಗೆಯನ್ನು ಹೊರುವ ಅಡ್ಡ ರೀಪರುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಆರಡಿ ಉದ್ದಕ್ಕೂ ಆಸರೆಯಿಲ್ಲದೆ ಚಾಚಿಕೊಂಡಿದ್ದರೆ ಬಾಗದೆ ಇರುವುದಿಲ್ಲ. ನಟ್ಟನಡುವೆ ತಲೆಯಿಂದ ಕಾಲಿನ ಕಡೆಗೆ ಒಂದು ತೊಲೆ ಕೊಟ್ಟು, ಆ ತೊಲೆಗೆ ನೆಲ ಮುಟ್ಟುವ ಕಾಲುಗಳನ್ನು ಕೊಟ್ಟರೆ ರೀಪರಿನ ಆಸರೆಯಿಲ್ಲದ ಉದ್ದ ಅರ್ಧಕ್ಕಿಳಿಯುತ್ತದೆ. ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಉದ್ದ ಅರ್ಧವಾದರೆ ಒಂದೆಡೆ ಬಿದ್ದ ಅದೇ ಭಾರಕ್ಕೆ ಬಾಗುವುದು ಎಂಟನೆಯ ಒಂದು ಪಾಲಿನಷ್ಟೇ. ಮರವನ್ನು ದಪ್ಪ ಮಾಡಿ ಇದೇ ಫಲ ಪಡೆಯಲು ರೀಪರಿನ ದಪ್ಪವನ್ನು ಇಮ್ಮಡಿ ಮಾಡಬೇಕಾಗುತ್ತದೆ, ಅಂದರೆ ಮರದ ಖರ್ಚೂ ಇಮ್ಮಡಿ. ತೊಲೆಯನ್ನು ಕೂರಿಸುವ ರೀತಿಯಲ್ಲೂ ಗಮನವಿರಲಿ. 4x2 ಅಂಗುಲದ ತುಂಡನ್ನು ಅಡ್ಡಲಾಗಿ ಮಲಗಿಸಿದರೆ ಸಿಗುವ ಬಿಗಿಗಿಂತ, ನಾಲ್ಕು ಅಂಗುಲ ಎತ್ತರವಾಗುವಂತೆ ನಿಲ್ಲಿಸಿದಾಗ ಸಿಗುವ ಬಿಗಿ ನಾಲ್ಕು ಪಟ್ಟು ಹೆಚ್ಚು. ಮರವೂ ಅದೇ, ದುಡ್ಡೂ ಅದೇ. ಆದರೂ ರೀಪರಿಗೆ ಮೊಳೆ ಹೊಡೆಯಲು ಅಗಲವಾದ ಜಾಗ ಸಿಗುತ್ತದೆಂದು ಅದನ್ನು ಮಲಗಿಸಿಬಿಡುವವರಿದ್ದಾರೆ. ಆರೂವರೆ ಅಡಿ ಉದ್ದದ ತೊಲೆಗೆ ಎರಡು ಕಾಲುಗಳಿರಲಿ, ಅವುಗಳ ಬುಡದಲ್ಲಿ ತಿರುಗಿಸಿ ಎತ್ತರ ಹೊಂದಿಸಬಹುದಾದ ಸ್ಕ್ರೂ ಪಾದಗಳಿರಲಿ. ನೆಲದ ಟೈಲ್ಸ್ ಎಷ್ಟೇ ಸಮವಾಗಿ ಕಂಡರೂ ರಸಮಟ್ಟ ಇಟ್ಟು ನೋಡಿದರೆ ಬೇರೆಯದೇ ಹೇಳುತ್ತದೆ, ನೆಲ ಮುಟ್ಟದ ನಡುಗಾಲಿನಿಂದ ಪ್ರಯೋಜನವೂ ಇಲ್ಲ.

ರೀಪರುಗಳ ನಡುವಿನ ಸಂದು ಎರಡೂವರೆ ಅಂಗುಲ ಮೀರದಿದ್ದರೆ ಒಳ್ಳೆಯದು. ಸಂದು ದೊಡ್ಡದಾದರೆ ಫೋಮ್ ಹಾಸಿಗೆ ಅಲ್ಲಲ್ಲಿ ಕೆಳಗಿಳಿಯುತ್ತದೆ. ಅವುಗಳ ತುದಿಗಳನ್ನು ಸುಮ್ಮನೆ ಪಟ್ಟಿಯ ಮೇಲೆ ಇಡದೆ ಸ್ಕ್ರೂ ಹಾಕಿ ಬಿಗಿಸಬೇಕು. ಭಾರ ಬಿದ್ದಾಗ ಪಕ್ಕದ ಪಟ್ಟಿಗಳು ಹೊರಕ್ಕೆ ಉಬ್ಬಲು ನೋಡುತ್ತವೆ, ಬಿಡಿಯಾಗಿಟ್ಟ ರೀಪರು ಆಗ ಜಾರಿ ಕೆಳಕ್ಕೆ ಬೀಳುತ್ತದೆ. ರೀಪರು ಕೂರುವ ಜಾಗದಲ್ಲೆಲ್ಲ ತೆಳುವಾದ ರಬ್ಬರ್ ಅಥವಾ ಫೆಲ್ಟ್ ಪಟ್ಟಿ ಅಂಟಿಸಿದರೆ ಸದ್ದು ಹುಟ್ಟುವ ಅರ್ಧ ಕಾರಣ ಅಲ್ಲಿಗೇ ಮುಗಿಯುತ್ತದೆ.

ಉಳಿದರ್ಧ ಮೂಲೆಗಳಲ್ಲಿದೆ. ಕಿರ್ರೆನ್ನುವ ಸದ್ದು ಸಡಿಲವಾದ ಜೋಡಣೆಯಲ್ಲಿ ಮರಕ್ಕೆ ಮರ ಉಜ್ಜುವುದರಿಂದ ಬರುತ್ತದೆ. ಮಂಚವನ್ನು ಅಡ್ಡಡ್ಡ ಅಲುಗಾಡಿಸುವ ಬಲವನ್ನು ತಡೆಯುವುದು ಪಕ್ಕದ ಪಟ್ಟಿಯ ಎತ್ತರ. ನಾಲ್ಕಂಗುಲದ ಪಟ್ಟಿಗೆ ಬದಲು ಅದೇ ದಪ್ಪದ ಆರಂಗುಲದ ಪಟ್ಟಿ ಹಾಕಿದರೆ ಬಾಗದಿರುವ ಬಲ ಮುಮ್ಮಡಿಗೂ ಹೆಚ್ಚಾಗುತ್ತದೆ, ಜೊತೆಗೆ ಕಾಲಿನೊಡನೆ ಹಿಡಿತಕ್ಕೆ ಹೆಚ್ಚು ಜಾಗ ಸಿಗುತ್ತದೆ. ಆದ್ದರಿಂದ ಪಟ್ಟಿ ಆರಂಗುಲ ಎತ್ತರ, ಒಂದೂಕಾಲು ಅಂಗುಲ ದಪ್ಪವಿರಲಿ. ಕಾಲುಗಳು 3x3 ಅಂಗುಲವಿರಲಿ. ಪಟ್ಟಿಯ ತುದಿಯಲ್ಲಿ ಚಿಕ್ಕ ನಾಲಿಗೆ ಉಳಿಸಿ, ಕಾಲಿನಲ್ಲಿ ಉಳಿಯಿಂದ ಕಡಿದ ತೂತಿಗೆ ಅದನ್ನು ಕೂರಿಸಿ, ಒಂದರ ಮೇಲೊಂದರಂತೆ ಎರಡು 8 ಮಿಲಿಮೀಟರ್ ಬೋಲ್ಟುಗಳನ್ನು ವಾಷರಿನೊಡನೆ ಬಿಗಿಸುವಂತೆ ಹೇಳಿ. ಭಾರವನ್ನು ನಾಲಿಗೆ ಹೊರುತ್ತದೆ, ಬೋಲ್ಟಿನ ಕೆಲಸ ಎಳೆದು ಹಿಡಿಯುವುದಷ್ಟೇ. ಪಟ್ಟಿಯ ಕತ್ತರಿಸಿದ ತುದಿಗೆ ನೇರವಾಗಿ ತಿರುಗಿಸಿದ ಸ್ಕ್ರೂ ಮರದ ನಾರುಗಳ ಗುಂಟ ಇಳಿಯುವುದರಿಂದ ಅದಕ್ಕೆ ಹಿಡಿತ ಕಡಿಮೆ. ನಿಮ್ಮದು ಬಾಡಿಗೆ ಮನೆ. ಮನೆ ಬದಲಿಸಿದಾಗಲೆಲ್ಲ ಬಿಚ್ಚಿ ಜೋಡಿಸುವ ಮಂಚಕ್ಕೆ ಬೋಲ್ಟೇ ಸರಿ. ಇದೇ ಕಾರಣಕ್ಕೆ ರೀಪರುಗಳನ್ನೂ ತೊಲೆಯ ಮೇಲೆ ಸೇರುವಂತೆ ಎರಡು ಚೌಕಟ್ಟುಗಳಾಗಿ ಮಾಡಿಸಿಕೊಳ್ಳಿ. ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲನ್ನೂ ಮೆಟ್ಟಿಲಿನ ತಿರುವನ್ನೂ ಅಳೆದ ಮೇಲೆಯೇ ಹೆಡ್‌ಬೋರ್ಡಿನ ಅಳತೆ ಕೊಡಿ.

ಮರದ ಆಯ್ಕೆಗೆ ಬಂದರೆ, ತೇಗಕ್ಕಿರುವ ಹೆಸರು ಸುಳ್ಳಲ್ಲ. ಹವಾಮಾನ ಬದಲಾದಾಗ ಅದು ಹಿಗ್ಗುವುದು ಕುಗ್ಗುವುದು ಕಡಿಮೆ, ಅದರ ಚೇಗಿಗೆ, ಅಂದರೆ ಕಾಂಡದ ಒಳಗಿನ ಬಲಿತ ಭಾಗಕ್ಕೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಈ ಗುಣ ಚೇಗಿನದೇ ಹೊರತು ಅಂಚಿನ ಬಿಳಿ ಭಾಗದ್ದಲ್ಲ. ಎಳೆಯ ಮರದಲ್ಲಿ ಬಿಳಿಯೇ ಹೆಚ್ಚು. ಬಲಿತ ಹಲಸು, ಹೊನ್ನೆ ಮಂಚಕ್ಕೆ ತೇಗದಷ್ಟೇ ಒಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ. ಮತ್ತಿ ಬಲವಾದ ಮರವೇ, ಆದರೆ ಒಣಗುವಾಗ ಸೀಳು ಬಿಡುವ ಸ್ವಭಾವದ್ದು. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗವಾಗಿದ್ದರೂ ಗೆದ್ದಲು ನಿರೋಧಕ ಔಷಧಿ ಹಚ್ಚದೆ ಬಳಸಬಾರದು. ಜಾತಿಗಿಂತ ಮುಖ್ಯವಾದುದು ಮರ ಎಷ್ಟು ಒಣಗಿದೆ ಎಂಬುದು. ತೇವಾಂಶ ಶೇ. 12ರೊಳಗೆ ಇರಬೇಕು, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದಾಗ ತೇವಾಂಶ ಮೀಟರ್ ಚುಚ್ಚಿ ತೋರಿಸುವಂತೆ ಕೇಳಲು ಸಂಕೋಚ ಬೇಡ. ತೇಗವೆಂದು ಕೊಟ್ಟದ್ದು ತೇಗ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ, ಮಲ್ಲೇಶ್ವರದ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರವನ್ನು ಗುರುತಿಸಿಕೊಡುವ ವ್ಯವಸ್ಥೆಯಿದೆ.

ಎಷ್ಟು ಮರ ಬೇಕೆಂಬ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ. ಉದ್ದವನ್ನು ಅಡಿಯಲ್ಲೂ ಅಗಲ ಮತ್ತು ದಪ್ಪವನ್ನು ಅಂಗುಲದಲ್ಲೂ ಹಿಡಿದು ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಆರೂವರೆ ಅಡಿ ಉದ್ದ, ಆರಂಗುಲ ಎತ್ತರ, ಒಂದೂಕಾಲು ಅಂಗುಲ ದಪ್ಪದ ಒಂದು ಪಟ್ಟಿಗೆ ಸುಮಾರು 0.34 ಘನ ಅಡಿ. ಮೇಲೆ ಹೇಳಿದ ಅಳತೆಗಳಲ್ಲಿ 78x72 ಹಾಸಿಗೆಯ ಮಂಚಕ್ಕೆ ಎರಡಡಿ ಎತ್ತರದ ಹೆಡ್‌ಬೋರ್ಡ್ ಸೇರಿ ಐದು ಘನ ಅಡಿಯ ಆಸುಪಾಸು, ತೋಪಡ ಹಾಕುವಾಗಿನ ನಷ್ಟ ಸೇರಿದರೆ ಆರು. ಹತ್ತು ಬೇಕೆಂದು ಯಾರಾದರೂ ಹೇಳಿದರೆ ತುಂಡು ತುಂಡಿನ ಲೆಕ್ಕ ಬರೆಸಿಕೊಳ್ಳಿ. ಹಣ ಉಳಿಸಬೇಕಿದ್ದರೆ ಹೆಡ್‌ಬೋರ್ಡಿನ ಕೆತ್ತನೆಯಲ್ಲಿ ಉಳಿಸಿ, ತೊಲೆಯಲ್ಲಿ ಅಲ್ಲ.

ಕೆಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚ ಬೇಕೆನ್ನುವವರು ನಡುವಿನ ಅಡ್ಡಗೋಡೆಯೂ ಪ್ಲೈವುಡ್ಡಿನ ಮೇಲ್ಹಲಗೆಯನ್ನು ಹೊರುವಂತೆ ಮಾಡಿಸಬೇಕು, ಐ.ಎಸ್. 303 ಅಥವಾ ಐ.ಎಸ್. 710 (ಪ್ಲೈವುಡ್ಡಿನ ಭಾರತೀಯ ಮಾನದಂಡಗಳು) ಮುದ್ರೆಯ 18 ಮಿಲಿಮೀಟರ್ ಪ್ಲೈವುಡ್ಡನ್ನೇ ಕೇಳಬೇಕು, ಗಾಳಿಯಾಡಲು ಅಲ್ಲಲ್ಲಿ ರಂಧ್ರ ಕೊರೆಸಬೇಕು. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಒಮ್ಮೆ ಕಿತ್ತುಬಂದ ಸ್ಕ್ರೂ ಅದರಲ್ಲಿ ಮತ್ತೆ ಹಿಡಿಯುವುದಿಲ್ಲ.

ಪೂರ್ತಿ ಹಣ ಕೊಡುವ ಮುನ್ನ ಹಾಸಿಗೆ ಹಾಕದೆ ಚೌಕಟ್ಟಿನ ಒಳಗಿನ ಕರ್ಣಗಳೆರಡನ್ನೂ ಟೇಪು ಹಿಡಿದು ಅಳೆಯಿರಿ. ಒಳಗಿನ ಅಳತೆ 79x73 ಅಂಗುಲವಿದ್ದರೆ ಎರಡೂ ಸುಮಾರು 107.5 ಅಂಗುಲ ಬರಬೇಕು. ಒಂದಕ್ಕೊಂದು ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೌಕಟ್ಟು ಮೂಲೆಮಟ್ಟಕ್ಕಿಲ್ಲವೆಂದೇ ಅರ್ಥ, ಬೋಲ್ಟು ಸಡಿಲಿಸಿ ಮತ್ತೆ ಕೂರಿಸಲು ಹೇಳಿ. ಮೊದಲ ಬೇಸಿಗೆಯಲ್ಲಿ ಮರ ತುಸು ಕುಗ್ಗುವುದು ಸಹಜವಾದುದರಿಂದ ಏಪ್ರಿಲ್ ಹೊತ್ತಿಗೆ ಎಂಟು ಬೋಲ್ಟುಗಳನ್ನೂ ಸ್ಪ್ಯಾನರಿನಿಂದ ಒಂದು ಸುತ್ತು ಬಿಗಿ ಮಾಡಿ. ಆ ಸ್ಪ್ಯಾನರನ್ನು ಬಡಗಿಯಿಂದಲೇ ಕೇಳಿ ಇಟ್ಟುಕೊಳ್ಳಿ, ಮನೆ ಬದಲಿಸುವ ದಿನ ಹುಡುಕುವುದು ತಪ್ಪುತ್ತದೆ.