ಜಾವಾದಲ್ಲಿ ಸ್ಕೋಪ್ ಬೇರೆ, ಸ್ಟ್ಯಾಟಿಕ್ ಬೇರೆ

ಜಾವಾ ಶುರುಮಾಡಿದವರನ್ನೆಲ್ಲ ಒಂದು ಎರರ್ ಕಾಡಿಯೇ ಕಾಡುತ್ತದೆ: ‘ನಾನ್-ಸ್ಟ್ಯಾಟಿಕ್ ವೇರಿಯಬಲ್ ಕೆನಾಟ್ ಬಿ ರೆಫರೆನ್ಸ್ಡ್ ಫ್ರಮ್ ಎ ಸ್ಟ್ಯಾಟಿಕ್ ಕಾಂಟೆಕ್ಸ್ಟ್’. ಸ್ಟ್ಯಾಟಿಕ್ ಅಲ್ಲದ ವೇರಿಯಬಲ್ಲನ್ನು ಸ್ಟ್ಯಾಟಿಕ್ ಜಾಗದಿಂದ ಬಳಸಲಾಗದು ಅಂತ. ವೇರಿಯಬಲ್ ಇರುವುದು ಅದೇ ಕ್ಲಾಸಿನಲ್ಲಿ, ಪ್ರೋಗ್ರಾಮ್ ಶುರುವಾಗುವ ಮೆಥಡ್, ಅಂದರೆ ಮೇನ್, ಇರುವುದೂ ಅದೇ ಕ್ಲಾಸಿನಲ್ಲಿ. ಮತ್ತೆ ಏನು ತಕರಾರು? ಇದು ಬಿಡಿಸಿಕೊಳ್ಳಬೇಕಾದರೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಈ ಹೆಸರು ಇಲ್ಲಿ ಕಾಣುತ್ತದಾ? ಅದು ಸ್ಕೋಪ್. ಕಂಡರೂ, ಅದು ಯಾರದ್ದು? ಸ್ಟ್ಯಾಟಿಕ್ ಬರುವುದು ಅಲ್ಲಿ: ಸ್ಟ್ಯಾಟಿಕ್ ಆದದ್ದು ಇಡೀ ಕ್ಲಾಸಿಗೆ ಒಂದೇ, ಅಲ್ಲದ್ದು ಆ ಕ್ಲಾಸಿನಿಂದ ಮಾಡಿಕೊಂಡ ಒಂದೊಂದು ಆಬ್ಜೆಕ್ಟಿಗೂ ಬೇರೆಬೇರೆ.

ಸ್ಕೋಪ್ ಬೇಗ ಮುಗಿಸೋಣ. ಲೋಕಲ್ ವೇರಿಯಬಲ್ ಹುಟ್ಟಿದ ಬ್ರೇಸ್ ಮುಚ್ಚುವವರೆಗೆ ಮಾತ್ರ ಇರುತ್ತದೆ. ಫಾರ್ ಲೂಪಿನಲ್ಲಿ ಡಿಕ್ಲೇರ್ ಮಾಡಿದ ‘ಐ’ ಲೂಪಿನಾಚೆ ಸಿಗದು. ಬಳಸಿದರೆ ‘ಕೆನಾಟ್ ಫೈಂಡ್ ಸಿಂಬಲ್’, ಅಂದರೆ ಆ ಹೆಸರೇ ಸಿಗಲಿಲ್ಲ ಅಂತ ಎರರ್ ಬರುತ್ತದೆ. ಫೀಲ್ಡ್, ಅಂದರೆ ಮೆಥಡ್‌ಗಳ ಹೊರಗೆ ಕ್ಲಾಸಿನಲ್ಲೇ ಡಿಕ್ಲೇರ್ ಮಾಡಿದ ವೇರಿಯಬಲ್, ಮಾತ್ರ ಇಡೀ ಕ್ಲಾಸಿಗೆ ಕಾಣುತ್ತದೆ.

ಈಗ ಹಾಲಿನ ಡೈರಿಯ ಲೆಕ್ಕ ಬರೆಯೋಣ. ಜಾವಾದಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲಿ ಇಟ್ಟರೂ ನಡೆಯುತ್ತದೆ. ಕೀವರ್ಡುಗಳನ್ನು ಇಲ್ಲಿ ಓದುವುದಕ್ಕೆಂದು ಕನ್ನಡ ಲಿಪಿಯಲ್ಲಿ ಹಾಕಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಹೊಡೆಯಿರಿ. ‘ಪ್ರಿಂಟ್’ ಅಂದರೆ ನಾವು ದಿನಾ ಬರೆಯುವ ಆ ಉದ್ದದ ‘ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್’ ಸಾಲು.

ಕ್ಲಾಸ್ ರೈತ {
    ಡಬಲ್ ಲೀಟರ್;
    ಸ್ಟ್ಯಾಟಿಕ್ ಡಬಲ್ ಒಟ್ಟು;

    ವಾಯ್ಡ್ ಹಾಕು(ಡಬಲ್ ಎಷ್ಟು) {
        ಲೀಟರ್ += ಎಷ್ಟು;
        ಒಟ್ಟು += ಎಷ್ಟು;
    }

    ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
        ರೈತ ಅಕ್ಕ = ನ್ಯೂ ರೈತ();
        ರೈತ ಅಣ್ಣ = ನ್ಯೂ ರೈತ();
        ಅಕ್ಕ.ಹಾಕು(4);
        ಅಣ್ಣ.ಹಾಕು(6.5);
        ಪ್ರಿಂಟ್(ಒಟ್ಟು); // 10.5
        ಪ್ರಿಂಟ್(ಲೀಟರ್); // ಎರರ್
    }
}

ಕೊನೆಯ ಸಾಲಿನ ಎರರನ್ನು ನಿಧಾನವಾಗಿ ಓದಿ. ‘ಕೆನಾಟ್ ಫೈಂಡ್ ಸಿಂಬಲ್’ ಅಂತ ಬಂದಿಲ್ಲ, ಗಮನಿಸಿದಿರಾ? ಕಂಪೈಲರಿಗೆ ‘ಲೀಟರ್’ ಸಿಕ್ಕಿದೆ. ಸಿಕ್ಕಿದ್ದಕ್ಕೇ ಅದು ನಾನ್-ಸ್ಟ್ಯಾಟಿಕ್ ಅಂತ ಹೇಳಲು ಆಗಿದ್ದು. ಅಂದರೆ ಸ್ಕೋಪಿನಲ್ಲಿ ಏನೂ ತೊಂದರೆ ಇಲ್ಲ. ಕಂಪೈಲರ್ ಕೇಳುತ್ತಿರುವುದು ಇಷ್ಟೇ: ಯಾರ ಲೀಟರ್? ಅಕ್ಕನದಾ, ಅಣ್ಣನದಾ?

ಹಾಗಾದರೆ ‘ಹಾಕು’ ಒಳಗೆ ಬರೀ ‘ಲೀಟರ್’ ಅಂತ ಬರೆದರೂ ಯಾಕೆ ನಡೆಯಿತು? ಅಲ್ಲಿ ಜಾವಾ ಅದನ್ನು ‘ದಿಸ್.ಲೀಟರ್’ ಅಂತಲೇ ಓದಿಕೊಳ್ಳುತ್ತದೆ. ಅಕ್ಕ.ಹಾಕು(4) ಅಂದಾಗ ‘ದಿಸ್’ ಅಂದರೆ ಅಕ್ಕ. ಆದರೆ ಸ್ಟ್ಯಾಟಿಕ್ ಮೇನ್ ಯಾವ ಆಬ್ಜೆಕ್ಟಿನ ಮೇಲೂ ಓಡುವುದಿಲ್ಲ, ಅದಕ್ಕೆ ‘ದಿಸ್’ ಇಲ್ಲವೇ ಇಲ್ಲ. ಬೇಕಿದ್ದರೆ ಮೇನ್ ಒಳಗೆ ‘ದಿಸ್.ಲೀಟರ್’ ಅಂತ ಬರೆದು ನೋಡಿ. ಈ ಸಲ ಎರರ್ ‘ನಾನ್-ಸ್ಟ್ಯಾಟಿಕ್ ವೇರಿಯಬಲ್ ದಿಸ್’ ಅಂತ ನೇರವಾಗಿ ‘ದಿಸ್’ ಕಡೆಗೇ ಬೆರಳು ತೋರಿಸುತ್ತದೆ. ಸರಿಯಾದ ದಾರಿ ಅಂದರೆ ‘ಅಕ್ಕ.ಲೀಟರ್’ ಅಂತ ಆಬ್ಜೆಕ್ಟಿನ ಹೆಸರು ಹೇಳುವುದು.

ಇಲ್ಲೊಂದು ಅಡ್ಡದಾರಿ ಇದೆ, ದಯವಿಟ್ಟು ಹಿಡಿಯಬೇಡಿ. ‘ಲೀಟರ್’ ಮುಂದೆಯೂ ‘ಸ್ಟ್ಯಾಟಿಕ್’ ಸೇರಿಸಿದರೆ ಎರರ್ ಹೋಗುತ್ತದೆ. ಎಡಿಟರ್ ಕೂಡ ಅದನ್ನೇ ಸೂಚಿಸಬಹುದು. ಆದರೆ ಈಗ ಇಡೀ ಕ್ಲಾಸಿಗೆ ಒಂದೇ ‘ಲೀಟರ್’. ಅಕ್ಕ.ಲೀಟರ್ ಕೇಳಿದರೂ 10.5, ಅಣ್ಣ.ಲೀಟರ್ ಕೇಳಿದರೂ 10.5. ನಾಲ್ಕು ಲೀಟರ್ ಹಾಕಿದವರಿಗೂ ಹತ್ತೂವರೆ ಲೀಟರಿನ ದುಡ್ಡು! ಪ್ರೋಗ್ರಾಮ್ ಚೆನ್ನಾಗಿ ಕಂಪೈಲ್ ಆಗುತ್ತದೆ, ಓಡುತ್ತದೆ, ಲೆಕ್ಕ ಮಾತ್ರ ತಪ್ಪು. ಎರರ್ ಬಂದಿದ್ದರೇ ವಾಸಿ ಇತ್ತು ಅಲ್ವಾ? ಒಂದು ಫೀಲ್ಡಿಗೆ ‘ಸ್ಟ್ಯಾಟಿಕ್’ ಹಾಕುವ ಮುಂಚೆ ನಾನು ಕೇಳಿಕೊಳ್ಳುವುದು: ಒಬ್ಬ ರೈತನೂ ಬರದಿದ್ದಾಗಲೂ ಇದಕ್ಕೆ ಅರ್ಥ ಇದೆಯಾ? ‘ಒಟ್ಟು’ ಆಗ ಸೊನ್ನೆ, ಅದಕ್ಕೆ ಅರ್ಥ ಇದೆ. ಯಾರೂ ಇಲ್ಲದೆ ‘ಲೀಟರ್’ ಅಂದರೆ ಏನೂ ಇಲ್ಲ.

2025ರಲ್ಲಿ ಬಂದ ಜಾವಾ 25ರಿಂದ ಮೇನ್ ಸ್ಟ್ಯಾಟಿಕ್ ಆಗಿರಲೇಬೇಕು ಅಂತಿಲ್ಲ. ಮೇಲಿನ ಮೇನ್‌ನಿಂದ ‘ಸ್ಟ್ಯಾಟಿಕ್’ ತೆಗೆದರೆ ಆ ಕೊನೆಯ ಸಾಲೂ ಕಂಪೈಲ್ ಆಗುತ್ತದೆ. ಆದರೆ ಪ್ರಿಂಟ್ ಆಗುವುದು 0.0. ಯಾಕಂದರೆ ಮೇನ್ ಓಡಿಸಲು ಜಾವಾ ತಾನೇ ಇನ್ನೊಂದು ‘ರೈತ’ ಆಬ್ಜೆಕ್ಟ್ ಮಾಡಿಕೊಂಡಿದೆ. ಹಾಲೇ ಹಾಕದ ಆ ಮೂರನೆಯವರ ಲೀಟರ್ ಅದು. ಯಾರದ್ದು ಎಂಬ ಪ್ರಶ್ನೆ ಹಾಗೇ ಇದೆ, ಉತ್ತರ ಮಾತ್ರ ಬದಲಾಯಿತು.

ಇನ್ನೊಂದು ಜಾಗ ನೋಡಿಕೊಳ್ಳಿ. ಪ್ಯಾರಾಮೀಟರಿಗೂ ‘ಲೀಟರ್’ ಅಂತಲೇ ಹೆಸರಿಟ್ಟು ‘ಲೀಟರ್ += ಲೀಟರ್’ ಬರೆದರೆ ಫೀಲ್ಡ್ ಮರೆಯಾಗುತ್ತದೆ, ಪ್ಯಾರಾಮೀಟರೇ ಎರಡರಷ್ಟಾಗಿ ಮೆಥಡ್ ಮುಗಿದಾಗ ಹೋಗಿಬಿಡುತ್ತದೆ. ‘ದಿಸ್.ಲೀಟರ್ += ಲೀಟರ್’ ಅಂತ ಬರೆಯಿರಿ. ಸಿ ಭಾಷೆ ಕಲಿತು ಬಂದವರಿಗೆ ಎರಡು ಮಾತು: ಲೋಕಲ್ ವೇರಿಯಬಲ್ಲಿನ ಹೆಸರನ್ನು ಒಳಗಿನ ಬ್ಲಾಕಿನಲ್ಲಿ ಮತ್ತೆ ಡಿಕ್ಲೇರ್ ಮಾಡಲು ಜಾವಾ ಬಿಡುವುದಿಲ್ಲ. ಮೆಥಡ್ ಒಳಗೆ ಸ್ಟ್ಯಾಟಿಕ್ ಲೋಕಲ್ ವೇರಿಯಬಲ್ಲೂ ಇಲ್ಲ, ಎಣಿಕೆ ಉಳಿಯಬೇಕಿದ್ದರೆ ಅದನ್ನು ಫೀಲ್ಡ್ ಮಾಡಬೇಕು.